ಮಗು ಎರಡು ಮನೆಯಲ್ಲಿ ಬೆಳೆಯುವಾಗ ಜೀವನಾಂಶದ ಲೆಕ್ಕ: ನನ್ನ ಅನುಭವ

ಜೀವನಾಂಶ ಬದಲಿಸುವ ಕೇಸು ಬಂದರೆ ವಕೀಲನಾಗಿ ನಾನು ಮೊದಲು ಕೇಳುವುದು ಹಳೆಯ ಆದೇಶದ ದೃಢೀಕೃತ ನಕಲನ್ನು. ಅದು ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನದಾದರೆ ಬದಲಾವಣೆಯ ಅರ್ಜಿಯೂ ಅದರಡಿಯೇ. ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 125ರದಾದರೆ ಅರ್ಜಿ ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 146ರಡಿ. ಕಲಮು ತಪ್ಪಿದರೆ ವಾಯಿದೆ ಮೇಲೆ ವಾಯಿದೆ ಹಾಳು.

"ಮಗು ಈಗ ನನ್ನ ಹತ್ರಾನೂ ಇರುತ್ತಲ್ಲ ಸಾರ್, ಅರ್ಧ ಕೊಟ್ರೆ ಸಾಕಲ್ವಾ?" ಎಂದು ಹಾಸನದಲ್ಲಿ ಕೇಳದ ಅಪ್ಪನಿಲ್ಲ. ಸಾಲದು. ನಮ್ಮ ಕಾನೂನಿನಲ್ಲಿ ದಿನಕ್ಕಿಷ್ಟು ಎನ್ನುವ ಸೂತ್ರವಿಲ್ಲ. ಹಾಗಾಗಿ ಮಗುವಿನ ಜೊತೆ ಓಡಾಡುವ ಖರ್ಚು ಯಾವುದು, ಕೂತಲ್ಲೇ ಕೂರುವ ಖರ್ಚು ಯಾವುದು ಎಂದು ಬೇರೆ ಮಾಡುತ್ತೇನೆ. ಉದಾಹರಣೆಗೆ ತಿಂಗಳಿಗೆ ಒಟ್ಟು ಖರ್ಚು 18,000, ಅಪ್ಪ ಕೊಡುತ್ತಿರುವುದು 12,000 ಎನ್ನಿ. ಶಾಲೆ ಫೀಸು, ವ್ಯಾನು 7,500. ಅಮ್ಮನ ಮನೆ ಬಾಡಿಗೆಯಲ್ಲಿ ಮಗುವಿನ ಪಾಲು 4,500. ಮಗು ಶನಿವಾರ ಅಪ್ಪನ ಮನೆಗೆ ಹೋಯಿತೆಂದು ಇವೆರಡೂ ಇಳಿಯುವುದಿಲ್ಲ. ಊಟ, ತಿಂಡಿ, ಸಣ್ಣಪುಟ್ಟದ್ದು 6,000, ಅಂದರೆ ದಿನಕ್ಕೆ 200. ಮಗು ಅಪ್ಪನ ಬಳಿ ಇರುವುದು ತಿಂಗಳಿಗೆ 4 ದಿನ ಇದ್ದದ್ದು 12 ಆದರೆ ಹೆಚ್ಚಾದ 8 ದಿನಕ್ಕೆ 1,600. ನಾನು ಕೇಳುವ ಹೊಸ ಮೊತ್ತ 10,400, 6,000 ಅಲ್ಲ.

ದಿನಗಳಿಗೆ ಪುರಾವೆ ಬೇಕು. ಮೂರು ತಿಂಗಳ ಕ್ಯಾಲೆಂಡರ್, ಕರೆದೊಯ್ದು ಬಿಟ್ಟ ಮೆಸೇಜುಗಳನ್ನು ಇಡಿ. ಬೇಸಿಗೆ ರಜೆಯನ್ನು ಇದರಲ್ಲಿ ಕಲಸಬೇಡಿ, ಎದುರು ವಕೀಲರು ಅಲ್ಲೇ ಹಿಡಿಯುತ್ತಾರೆ.

ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯದ ಅಫಿಡವಿಟ್ ಕೊಡಬೇಕು. ಸಕಲೇಶಪುರ, ಬೇಲೂರು ಕಡೆಯ ತೋಟದವರದ್ದೇ ಇಲ್ಲಿ ತಕರಾರು: ಪಹಣಿ ತಂದಿಟ್ಟು "ಆದಾಯ ಇಲ್ಲ" ಅನ್ನುತ್ತಾರೆ. ಪಹಣಿಯಲ್ಲಿ ಜಮೀನು, ಬೆಳೆ ಕಾಣುತ್ತದೆ, ದುಡ್ಡಲ್ಲ. ಕಾಫಿ, ಮೆಣಸು ಮಾರಿದ ಬಿಲ್ಲು, ಆಳಿನ ಕೂಲಿ, ಗೊಬ್ಬರದ ರಸೀದಿ, ಎಲ್ಲವನ್ನೂ ಮೂರು ವರ್ಷದ್ದು ತರಿಸಿ ಸರಾಸರಿ ತೆಗೆಯುತ್ತೇನೆ. ಒಂದೇ ವರ್ಷದ್ದಾದರೆ, ಅದು ಮಳೆಗೆ ಕಾಯಿ ಉದುರಿದ ವರ್ಷವೇ ಆಗಿರುತ್ತದೆ!

ದೊಡ್ಡ ಎಡವಟ್ಟು ಮೊತ್ತ ಇಳಿಸಿಕೊಳ್ಳುವ ಬಾಯಿಮಾತಿನ ಒಪ್ಪಂದ. ಕೋರ್ಟು ಬದಲಿಸುವವರೆಗೆ ಹಳೆಯ ಮೊತ್ತವೇ ಬಾಕಿಯಾಗಿ ಬೆಳೆಯುತ್ತದೆ. 125ರ ಆದೇಶವಾದರೆ ಬಾಕಿಯಾದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬಹುದು. ಜೈಲಿನ ಭಯವೂ ಉಂಟು. ಇಬ್ಬರೂ ಒಪ್ಪಿದ್ದರೆ ಕೋರ್ಟಿಗೆ ಜಂಟಿ ಮೆಮೊ (ಒಪ್ಪಂದದ ಬರಹ) ಹಾಕಿ ಆದೇಶ ಪಡೆಯುವುದು ಸಲೀಸು. ಫೀಸನ್ನು ಅಪ್ಪ ನೇರವಾಗಿ ಶಾಲೆಗೆ ಕಟ್ಟುವುದಾದರೆ ಅದು ಜೀವನಾಂಶದ ಒಳಗೋ, ಹೊರಗೋ ಎಂದು ಮೆಮೊದಲ್ಲೇ ಬರೆಸಿ. ಬರೆಸದಿದ್ದರೆ ಮುಂದಿನ ಜೂನ್‌ನಲ್ಲಿ ಮತ್ತೆ ಅದೇ ಜಗಳ.