ಕೆ.ಜಿ. ರೋಡಿನಲ್ಲಿ ನಾನು ಸಿನಿಮಾ ಓದಿದ್ದು

ಹೀರೋ ಎಂಟ್ರಿ ಇರುವ ಯಾವುದಾದರೂ ಸೀನ್ ತಗೊಳ್ಳಿ. ಸೌಂಡ್ ಪೂರ್ತಿ ಆಫ್ ಮಾಡಿ ನೋಡಿ. ಮೊದಲು ಕಾರಿನ ಬಾಗಿಲು. ಆಮೇಲೆ ನೆಲಕ್ಕೆ ಊರಿದ ಶೂ, ಕೈಯಲ್ಲಿನ ಕಡಗ, ಬೆನ್ನು. ನಡುನಡುವೆ ಸುತ್ತ ನಿಂತವರ ಮುಖಗಳು, ಎಲ್ಲರ ಕಣ್ಣೂ ಒಂದೇ ಕಡೆ. ಕೊನೆಗೆ ಅವನ ಮುಖ, ಅದೂ ನೇರವಾಗಿ ನಮ್ಮ ಕಡೆಗೆ. ಮ್ಯೂಸಿಕ್ ಇಲ್ಲದಿದ್ದರೆ ಮೈ ಜುಮ್ಮೆನ್ನುವುದಿಲ್ಲ. ಆದರೆ ಜುಮ್ಮೆನ್ನಿಸಲು ಏನೇನು ಮಾಡಿದ್ದಾರೆ ಅನ್ನುವುದು ಕಾಣುತ್ತದೆ. ಬೆಂಗಳೂರಿನ ಒಂದು ಯೂನಿವರ್ಸಿಟಿಯಲ್ಲಿ ಸಿನಿಮಾ ಮತ್ತು ದೃಶ್ಯ ಸಂಸ್ಕೃತಿ ಅಂತ ಎಂ.ಎ. ಮಾಡುವಾಗ ನಮಗೆ ಹೇಳಿಕೊಟ್ಟ ಮೊದಲ ಕೆಲಸ ಇದೇ.

ಇದು ಸಿನಿಮಾ ಮಾಡುವ ಕೋರ್ಸ್ ಅಲ್ಲ. ಈ ಮಾತನ್ನು ನೆಂಟರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಕ್ಯಾಮೆರಾ ಹಿಡಿಯುವುದು ಕಲಿಯಬೇಕಾದರೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಆ ಕಲಿಕೆಗೆ ಬೆಂಗಳೂರಿನಲ್ಲಿ ಹಳೆಯ ಬೇರೂ ಇದೆ. ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರಲ್ಲಿ ಮೈಸೂರಿನ ವಿ.ಕೆ. ಮೂರ್ತಿ ಒಬ್ಬರು, ಮುಂದೆ ನಿರ್ದೇಶಕರೂ ಆದ ಗೋವಿಂದ ನಿಹಲಾನಿ ಇನ್ನೊಬ್ಬರು. ನಾವು ಓದಿದ್ದು ಬೇರೆ. ತೆಗೆದ ಸಿನಿಮಾ ನಮ್ಮನ್ನು ಹೇಗೆ ನೋಡಿಸುತ್ತದೆ, ಪೋಸ್ಟರ್, ಕಟೌಟ್, ಫೋಟೋ, ಜಾಹೀರಾತು ಇವೆಲ್ಲ ಸೇರಿ ಆ ನೋಟವನ್ನು ಹೇಗೆ ಕಟ್ಟುತ್ತವೆ, ಅದು.

ವಿಧಾನ ಸರಳ, ಆದರೆ ಬೇಜಾರು ಹಿಡಿಸುತ್ತದೆ. ಮೂರು ನಾಲ್ಕು ನಿಮಿಷದ ಒಂದು ತುಣುಕು ಆರಿಸಿಕೊಳ್ಳುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿ, ಒಂದು ಕಟ್ ಮತ್ತು ಮುಂದಿನ ಕಟ್ ನಡುವಿನ ತುಣುಕಾದ ಪ್ರತಿ ಶಾಟ್‌ಗೂ ಒಂದು ಸಾಲು ಬರೆಯುತ್ತಿದ್ದೆ. ಎಷ್ಟು ಸೆಕೆಂಡ್, ಕ್ಯಾಮೆರಾ ಎಷ್ಟು ದೂರ, ಮೇಲಿಂದಲೋ ಕೆಳಗಿಂದಲೋ, ಬೆಳಕು ಯಾವ ಕಡೆಯಿಂದ, ಫ್ರೇಮಿನೊಳಗೆ ಯಾರಿದ್ದಾರೆ, ಯಾರು ಯಾರನ್ನು ನೋಡುತ್ತಿದ್ದಾರೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಕೀಬೋರ್ಡಿನ ‘ಇ’ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ. ಸೆಕೆಂಡಿಗೆ 24 ಫ್ರೇಮ್. ಕಟ್ ಎಲ್ಲಿ ಬಿತ್ತು ಅಂತ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೊದಲ ಸಲ ಮಾಡಿದವರಿಗೆ ಬೆರಳೂ ನೋಯುತ್ತದೆ, ಕಣ್ಣೂ ಉರಿಯುತ್ತದೆ.

ಒಂದು ಕಟ್ಟಪ್ಪಣೆ ಇತ್ತು: ಕಂಡದ್ದನ್ನು ಬರೆಯಿರಿ, ಅರ್ಥ ಆಮೇಲೆ. ‘ದುಃಖದ ಮುಖ’ ಅಂತ ಬರೆಯುವ ಹಾಗಿಲ್ಲ. ‘ತಲೆ ತಗ್ಗಿದೆ, ಬೆಳಕು ಎಡಗಡೆಯಿಂದ, ಕಣ್ಣು ನೆರಳಿನಲ್ಲಿ’ ಅಂತ ಬರೆಯಬೇಕು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ. ಛಾಯಾಗ್ರಹಣ ಇದೇ ವಿ.ಕೆ. ಮೂರ್ತಿಯವರದು. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಓರೆಯಾಗಿ ಇಳಿಯುವ ಒಂದು ಬೆಳಕಿನ ಕೋಲು ಇದೆ. ನಮ್ಮ ಕ್ಲಾಸಿನಲ್ಲಿ ಒಬ್ಬರು ಅದನ್ನು ‘ದೈವಿಕ ಬೆಳಕು’ ಅಂದರು. ಮೇಷ್ಟ್ರು ಒಪ್ಪಲಿಲ್ಲ. ‘ಮೊದಲು ಅದು ಎಲ್ಲಿಂದ ಬರ್ತಿದೆ ಹೇಳ್ರಿ’ ಅಂದರು. ಹೊರಗಿನ ಬಿಸಿಲನ್ನು ಕನ್ನಡಿ ಹಿಡಿದು ಒಳಗೆ ತಿರುಗಿಸಿದ್ದು ಅಂತ ಗೊತ್ತಾದ ಮೇಲೂ ಆ ಶಾಟಿನ ಬೆರಗು ಕಡಿಮೆಯಾಗಲಿಲ್ಲ. ನನಗಂತೂ ಜಾಸ್ತಿಯಾಯಿತು.

ಕಾಪಿ ಯಾವುದು ಅನ್ನುವುದನ್ನೂ ನೋಡಿಕೊಳ್ಳಬೇಕು. ಇದನ್ನು ಎಷ್ಟೋ ಜನ ತಲೆಗೆ ಹಾಕಿಕೊಳ್ಳುವುದಿಲ್ಲ. ಯೂಟ್ಯೂಬ್‌ನಲ್ಲಿರುವ ಹಳೆಯ ಸ್ಕೋಪ್ ಚಿತ್ರಗಳಲ್ಲಿ ಎಷ್ಟೋ ಟಿವಿಗೆ ಹೊಂದಲಿ ಅಂತ ಎರಡೂ ಬದಿ ಕತ್ತರಿಸಿದವು. ಫ್ರೇಮಿನ ಅಂಚಿನಲ್ಲಿ ನಿಂತ ತಂಗಿಯೇ ಮಾಯವಾಗಿರುತ್ತಾಳೆ. ನಾವು ಮಾತ್ರ ‘ಈ ದೃಶ್ಯದಲ್ಲಿ ಹೆಣ್ಣಿಗೆ ಜಾಗವೇ ಇಲ್ಲ’ ಅಂತ ಪುಟಗಟ್ಟಲೆ ಬರೆದಿರುತ್ತೇವೆ! ಕಪ್ಪು-ಬಿಳುಪು ಚಿತ್ರಗಳ ಕಷ್ಟ ಇನ್ನೊಂದು ಥರ. ಸವೆದ ಕಾಪಿಯಲ್ಲಿ ನೆರಳೆಲ್ಲ ಒಂದೇ ಕಪ್ಪಾಗಿ ಕೂತುಬಿಡುತ್ತದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಈಗ ರಿಸ್ಟೋರ್ ಆಗಿದೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರತಿ ದೊಡ್ಡ ಪರದೆಯ ಮೇಲೆ ಸಿಕ್ಕರೆ ಬೇರೆ ಕೆಲಸ ಬಿಟ್ಟು ಹೋಗಿ.

ಥಿಯರಿ ಓದು ಬಹುಪಾಲು ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂನಿಂದ ಬಂದವರು ಹೆದರುವುದು ಇಲ್ಲೇ. ನಾನು ಶಾಟ್ ನೋಟ್ಸ್ ಎಲ್ಲಾ ಕನ್ನಡದಲ್ಲೇ ಬರೆದುಕೊಂಡೆ, ಲೇಖನ ಮಾತ್ರ ಇಂಗ್ಲಿಷಿನಲ್ಲಿ ಕೊಟ್ಟೆ. ಇನ್ನೊಂದು ಅಭ್ಯಾಸ, ಸೀನ್ ಬಿಡಿಸಿದ ಮೇಲೆಯೇ ಥಿಯರಿ ಓದುತ್ತಿದ್ದೆ, ಮೊದಲು ಓದುತ್ತಿರಲಿಲ್ಲ. ಮೊದಲೇ ಓದಿದರೆ ಪುಸ್ತಕದಲ್ಲಿ ಇದ್ದದ್ದೇ ಪರದೆ ಮೇಲೂ ಕಾಣುತ್ತದೆ. ಇದಕ್ಕೆ ಕ್ಲಾಸಿನಲ್ಲಿ ಎಲ್ಲರೂ ಒಪ್ಪುತ್ತಿರಲಿಲ್ಲ, ಬಿಡಿ.

ಸಿನಿಮಾವೇ ಉಳಿದಿಲ್ಲದಿದ್ದರೆ ಏನು ಓದುವುದು? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರದ್ದು. ಅದರ ಒಂದು ಪ್ರಿಂಟೂ ಇಲ್ಲ. ಅಂಥ ಕಾಲದ ಚಿತ್ರಗಳನ್ನು ಪತ್ರಿಕೆಯ ಜಾಹೀರಾತು, ಸ್ಟಿಲ್ ಫೋಟೋ, ಹಾಡಿನ ಪುಸ್ತಕಗಳಿಂದಲೇ ಊಹಿಸಬೇಕು. ಹಾಡಿನ ಪುಸ್ತಕ ಅಂದರೆ ಗೊತ್ತಲ್ವಾ? ಥಿಯೇಟರ್ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದರು. ತೆಳ್ಳನೆ ಕಾಗದ, ಮುಖಪುಟದಲ್ಲಿ ಒಂದೆರಡು ಬಣ್ಣ, ಒಳಗೆ ತಾರಾಗಣ, ಹಾಡು, ಅರ್ಧ ಕಥೆ. ಕಥೆ ಕುತೂಹಲದ ಜಾಗಕ್ಕೆ ಬರುತ್ತಿದ್ದ ಹಾಗೆ ‘ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಅಂತ ನಿಲ್ಲಿಸಿಬಿಡುತ್ತಾರೆ. ಅವೆನ್ಯೂ ರೋಡಿನ ಹಳೆ ಪುಸ್ತಕದ ಅಂಗಡಿಗಳಲ್ಲಿ, ಭಾನುವಾರದ ಸಂಡೇ ಬಜಾರಿನಲ್ಲಿ ಹುಡುಕಿ ಕೆಲವನ್ನು ಕೂಡಿಸಿದೆ. ‘ಥೀಸಿಸ್‌ಗೆ ಬೇಕು’ ಅಂತ ಮಾತ್ರ ಬಾಯಿಬಿಡಬೇಡಿ, ಬೆಲೆ ಅಲ್ಲೇ ಏರುತ್ತದೆ.

ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಕೆ.ಜಿ. ರೋಡಿನ, ಅಂದರೆ ಮೆಜೆಸ್ಟಿಕ್ ಹತ್ತಿರದ ಕೆಂಪೇಗೌಡ ರಸ್ತೆಯ, ಥಿಯೇಟರುಗಳ ಮುಂಭಾಗ. ಒಳಗಿನ ಸಿನಿಮಾ ಅಲ್ಲ, ಹೊರಗಿನ ಗೋಡೆ. ಕಟೌಟ್, ಅದರ ಹಾರ, ಅಭಿಮಾನಿ ಸಂಘದ ಹೆಸರು ಹೊತ್ತ, ನಕ್ಷತ್ರದ ಆಕಾರದಲ್ಲಿ ಕತ್ತರಿಸಿದ ಸ್ಟಾರ್‌ಗಳು, ಗಾಜಿನ ಪೆಟ್ಟಿಗೆಯೊಳಗೆ ಪಿನ್ ಚುಚ್ಚಿದ ಫೋಟೋಗಳು. ಮೆಜೆಸ್ಟಿಕ್ ಥಿಯೇಟರ್ ಹೋಗಿ ಯಾವುದೋ ಕಾಲವಾಯಿತು, ಬಸ್ ಸ್ಟ್ಯಾಂಡಿಗೆ ಹೆಸರು ಉಳಿದಿದೆ. ಸಾಗರ್ ಇಲ್ಲ, ಹಳೆಯ ಕಪಾಲಿಯೂ ಇಲ್ಲ. ನರ್ತಕಿ, ಸಂತೋಷ್ ಕಡೆ ದೊಡ್ಡ ಸಿನಿಮಾ ಬಂದ ಶುಕ್ರವಾರ ನಿಂತರೆ ಹಳೆಯ ಗಲಾಟೆಯ ರುಚಿ ಇನ್ನೂ ಸ್ವಲ್ಪ ಸಿಗುತ್ತದೆ. ಕ್ಯಾಮೆರಾ ತೆಗೆದ ಕೂಡಲೇ ಗೇಟಿನವರು ಕೇಳುವುದು ಒಂದೇ, ‘ಯಾವ ಚಾನೆಲ್ ಮೇಡಂ?’ ಓದೋಕೆ ಅಂದರೆ ನಂಬುವುದಿಲ್ಲ. ಕಾಲೇಜಿನ ಪತ್ರ ತೋರಿಸಿ ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿಕೊಂಡರೆ ಕೆಲಸ ಸಲೀಸು. ಜನರ ಮುಖ ತೆಗೆಯುವ ಮುಂಚೆ ಅವರನ್ನೇ ಕೇಳುತ್ತಿದ್ದೆ. ಅಭಿಮಾನಿಗಳು ಬೇಡ ಅನ್ನುವುದು ಅಪರೂಪ. ಪೋಸ್ ಕೊಟ್ಟು ಕೊಟ್ಟು ಸುಸ್ತು ಮಾಡುತ್ತಾರೆ.

ಫ್ಲೆಕ್ಸ್ ಬರುವ ಮುಂಚೆ ಕೈಯಲ್ಲಿ ಕಟೌಟ್ ಬರೆಯುತ್ತಿದ್ದ ಒಬ್ಬ ಹಿರಿಯ ಕಲಾವಿದರು ಸಿಕ್ಕಿದ್ದು ನನ್ನ ಅದೃಷ್ಟ. ಈಗ ಅಂಗಡಿ ಬೋರ್ಡು, ನಂಬರ್ ಪ್ಲೇಟು ಬರೆಯುತ್ತಾರೆ. ಸಂದರ್ಶನ ಅಂತ ಪ್ರಶ್ನೆಪಟ್ಟಿ ತಗೊಂಡು ಹೋಗಿದ್ದೆ, ಅದು ಬ್ಯಾಗಿನಲ್ಲೇ ಉಳಿಯಿತು. ‘ಬರ್ದು ತೋರಿಸ್ತೀನಿ ಕೂತ್ಕೊ’ ಅಂದರು. ಒಂದು ಸಣ್ಣ ಫೋಟೋ ಮೇಲೆ ಪೆನ್ಸಿಲಿನಲ್ಲಿ ಚೌಕ ಹಾಕಿದರು. ಪಕ್ಕದಲ್ಲಿದ್ದ ಪ್ಲೈವುಡ್ ತುಂಡಿನ ಮೇಲೆ ಅಷ್ಟೇ ಚೌಕ, ಆದರೆ ದೊಡ್ಡವು. ಗೆರೆಗೆ ಸ್ಕೇಲು ಇಲ್ಲ. ದಾರಕ್ಕೆ ನೀಲಿ ಪುಡಿ ಸವರಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಎಳೆದು ಹಿಡಿದು ಬೆರಳಲ್ಲಿ ಮಿಡಿದರು. ಪಟ್ ಅಂತ ನೇರ ಗೆರೆ. ಆಮೇಲೆ ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನು ಮಾತ್ರ ನೋಡಿ ಬರೆಯುತ್ತಾ ಹೋದರು. ಕಿವಿ ಅಂತ ಬರೆಯುತ್ತಿರಲಿಲ್ಲ, ಆ ಚೌಕದಲ್ಲಿ ಬಂದ ಬಾಗು ಬರೆಯುತ್ತಿದ್ದರು. ನಮ್ಮ ಶಾಟ್ ಪಟ್ಟಿಯ ಕೆಲಸವೂ ಇದೇ ಅಲ್ವಾ ಅನ್ನಿಸಿತು.

‘ಫೋಟೋದಲ್ಲಿ ಇರೋ ಹಂಗೇ ಬರೆದ್ರೆ ಸರಿ ಬರುತ್ತಾ ಸರ್?’ ಅಂದೆ.

‘ಎಲ್ಲಿ ಬರುತ್ತಮ್ಮ? ನೀನು ನೋಡೋದು ರೋಡಲ್ಲಿ ನಿಂತ್ಕೊಂಡು. ಇದ್ದಂಗೇ ಬರೆದ್ರೆ ತಲೆ ನಿಂಬೆಹಣ್ಣು, ಶೂ ಕುಂಬಳಕಾಯಿ. ಮೇಲ್‌ಮೇಲಕ್ಕೆ ಹೋದಂಗೆಲ್ಲ ದೊಡ್ಡದು ಮಾಡ್ತಾ ಹೋಗ್ಬೇಕು.’

‘ಮತ್ತೆ ಕಣ್ಣು? ಯಾವ ಕಡೆ ನೋಡೋ ಥರ ಬರೀತಿದ್ರಿ?’

‘ಟಿಕೆಟ್ ತಗೊಂಡೋನು ಹೆಂಗಾದ್ರೂ ಒಳಗೆ ಹೋಗ್ತಾನೆ. ನಮ್ಮ ಲೆಕ್ಕ ಬಸ್ಸಲ್ಲಿ ಕಿಟಕಿ ಪಕ್ಕ ಕೂತೋನ್ದು. ಅವನು ತಿರುಗಿ ನೋಡ್ಬೇಕು.’

ನನ್ನ ಪ್ರಬಂಧ ತಿರುಗಿದ್ದು ಈ ಮಾತಿನಿಂದ. ಅಲ್ಲಿವರೆಗೆ ನಾನು ಕಟೌಟನ್ನು ದರ್ಶನ ಅನ್ನುವ ವಾದದಲ್ಲಿ ನೋಡುತ್ತಿದ್ದೆ. ದೇವರ ಮೂರ್ತಿ ಭಕ್ತನಿಗೆ ಎದುರಾಗುವಂತೆ ತಾರೆಯೂ ನಮಗೆ ಎದುರಾಗುತ್ತಾನೆ, ಹೀರೋ ಎಂಟ್ರಿಯಲ್ಲೂ ಹಾಗೇ, ಹೊರಗಿನ ಕಟೌಟಿನಲ್ಲೂ ಹಾಗೇ. ಭಾರತದ ಜನಪ್ರಿಯ ಸಿನಿಮಾದ ಬಗ್ಗೆ ಬರೆಯುವವರು ಈ ವಾದವನ್ನು ಚೆನ್ನಾಗಿಯೇ ಬೆಳೆಸಿದ್ದಾರೆ. ಆದರೆ ಗರ್ಭಗುಡಿಯ ಮುಂದೆ ಭಕ್ತ ನಿಂತಿರುತ್ತಾನೆ. ಕೆ.ಜಿ. ರೋಡಿನಲ್ಲಿ ನೋಡುವವನು ಬಸ್ಸಿನಲ್ಲಿ ಹೋಗುತ್ತಿದ್ದಾನೆ. ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಮೆಜೆಸ್ಟಿಕ್ ಕಡೆಗೆ ಬಿಎಂಟಿಸಿ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತು ವಿಡಿಯೋ ಮಾಡತೊಡಗಿದೆ. ಆಮೇಲೆ ಆ ವಿಡಿಯೋವನ್ನೇ ಸಿನಿಮಾ ಥರ ಬಿಡಿಸಿ ಬರೆದೆ. ಮೊದಲು ಮರದ ಮರೆಯಿಂದ ತಲೆ, ಆಮೇಲೆ ಭುಜ, ಕಂಬ ಅಡ್ಡ, ಪೂರ್ತಿ ಆಳು, ಮತ್ತೆ ಪಕ್ಕದ ಬಸ್ಸು. ಸಿಗ್ನಲ್ ಬಿದ್ದರೆ ಲಾಂಗ್ ಟೇಕ್, ಅಂದರೆ ಕಟ್ ಇಲ್ಲದ ಉದ್ದನೆಯ ಶಾಟ್. ಎಂಟ್ರಿ ಸೀನ್ ಹೀರೋನನ್ನು ತುಂಡು ತುಂಡಾಗಿ ತೋರಿಸುವ ಹಾಗೆಯೇ ರೋಡೂ ತೋರಿಸುತ್ತಿತ್ತು. ಇದೇ ನನ್ನ ವಾದ. ದರ್ಶನ ಇದೆ, ಆದರೆ ಚಲಿಸುವವನ ದರ್ಶನ.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಫ್ಲೆಕ್ಸ್ ಬಗ್ಗೆ ಕೇಳಿದರು. 2018ರಲ್ಲಿ ಹೈಕೋರ್ಟ್ ಗರಂ ಆದ ಮೇಲೆ ನಗರದ ಫ್ಲೆಕ್ಸ್ ಬ್ಯಾನರುಗಳನ್ನು ಕಿತ್ತರಲ್ಲ, ಅದರಿಂದ ನಿಮ್ಮ ವಾದಕ್ಕೆ ಏನಾಯಿತು ಅಂತ. ಫ್ಲೆಕ್ಸ್ ಕಟೌಟಿನಲ್ಲಿ ನಾನು ಗಮನಿಸಿದ್ದನ್ನೇ ಹೇಳಿದೆ. ಫೋಟೋವನ್ನು ಇದ್ದ ಹಾಗೇ ಹಿಗ್ಗಿಸಿರುತ್ತಾರೆ, ಹಾಗಾಗಿ ಕೆಳಗಿಂದ ನೋಡಿದರೆ ತಲೆ ಸಣ್ಣದು. ಅದು ರೋಡಿಗಾಗಿ ಮಾಡಿದ್ದಲ್ಲ, ಫೋನಿನಲ್ಲಿ ಫೋಟೋ ಹಿಡಿಯುವವನಿಗಾಗಿ ಮಾಡಿದ್ದು. ಪರೀಕ್ಷಕರು ತಲೆ ಆಡಿಸಿದರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ನನಗೆ ಈಗಲೂ ಆ ಮಾತು ಸರಿ ಅನ್ನಿಸುತ್ತದೆ.

ಹೊಸಬರಿಗೆ ಬೇಕಾದ ಊರಿನ ವಿಷಯ ಒಂದಿಷ್ಟು. ಬನಶಂಕರಿಯ ಸುಚಿತ್ರಾ 1971ರಿಂದ ಇರುವ ಫಿಲ್ಮ್ ಸೊಸೈಟಿ. ಅಲ್ಲಿ ಸಿನಿಮಾ ಮುಗಿದ ಮೇಲಿನ ಹರಟೆ ಎಷ್ಟೋ ಕ್ಲಾಸಿಗೆ ಸಮ. ಬೆಂಗಳೂರು ಚಿತ್ರೋತ್ಸವಕ್ಕೆ ವಿದ್ಯಾರ್ಥಿ ಪಾಸ್ ಕಡಿಮೆ ಬೆಲೆಗೆ ಸಿಗುತ್ತದೆ. ದಿನಕ್ಕೆ ಎರಡಕ್ಕಿಂತ ಜಾಸ್ತಿ ನೋಡಿದರೆ ರಾತ್ರಿ ಯಾವ ಸೀನ್ ಯಾವ ದೇಶದ್ದು ಅಂತ ಕಲಸಿಹೋಗುತ್ತದೆ. ಚಿತ್ರಕಲೆಗೆ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಎನ್‌ಜಿಎಂಎ, ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಗ್ರಹಣದ ಮ್ಯೂಸಿಯಂ ಮ್ಯಾಪ್. ಮ್ಯಾಪ್‌ನ ಸಂಗ್ರಹದಲ್ಲಿ ಸಿನಿಮಾ ಪೋಸ್ಟರುಗಳೂ ಇವೆ.

ಈಗ ನನ್ನ ಕೆಲಸ ಒಂದು ಖಾಸಗಿ ಸಂಗ್ರಹದಲ್ಲಿ ಪೋಸ್ಟರ್, ಲಾಬಿ ಕಾರ್ಡುಗಳಿಗೆ (ಥಿಯೇಟರಿನೊಳಗೆ ಹಾಕುತ್ತಿದ್ದ ಸಿನಿಮಾ ಫೋಟೋ ಕಾರ್ಡುಗಳು) ವಿವರ ಬರೆಯುವುದು. ಅಲ್ಲೂ ಮೊದಲು ಕಂಡದ್ದು: ಅಳತೆ, ಬಣ್ಣ, ಮಡಿಕೆಯ ಗುರುತು, ಪ್ರೆಸ್ಸಿನ ಹೆಸರು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಹಾಡಿನ ಪುಸ್ತಕವೋ ಪೋಸ್ಟರೋ ಇದ್ದರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಹರಿದ ಕಡೆ ಸೆಲ್ಲೋಟೇಪ್ ಅಂತೂ ಬೇಡವೇ ಬೇಡ, ಅದರ ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ, ಮತ್ತೆ ಬಿಡುವುದಿಲ್ಲ. ಸ್ಟೇಪಲ್ ಪಿನ್ ತುಕ್ಕು ಹಿಡಿದಿದ್ದರೆ ಎಳೆಯದೆ ಹಿಂದಿನಿಂದ ಮೆಲ್ಲಗೆ ಬಿಡಿಸಿ ತೆಗೆಯಿರಿ, ಪುಟ ಬಿಡಿಬಿಡಿಯಾದರೂ ಪರವಾಗಿಲ್ಲ. ಚಪ್ಪಟೆಯಾಗಿ ಇಡಿ, ಬಿಸಿಲು ಬೀಳದ ಕಡೆ.