ಪಾಠ ಬದಲಾಗಬೇಕಾ? ಮೊದಲು ನಮಗೆ ಬರದಿರುವುದನ್ನು ಬರೆದಿಡೋಣ

ಹೊಸ ಚಟುವಟಿಕೆ ಯಾಕೆ ಮಾಡಿಸುತ್ತಿಲ್ಲ ಅಂದರೆ ನಾವು ಟೀಚರ್‌ಗಳು ಹೇಳುವುದು ಒಂದೇ. ಟೈಮಿಲ್ಲ, ಪೋರ್ಷನ್ ಮುಗಿದಿಲ್ಲ, ಪ್ರೊಜೆಕ್ಟರ್ ಕೆಟ್ಟಿದೆ. ಎಲ್ಲ ನಿಜವೇ. ಆದರೆ ಅಡ್ಡಿಗಳಲ್ಲಿ ಹೊರಗಿನವು ಬೇರೆ, ಟೀಚರ್ ಮನಸ್ಸಿನೊಳಗಿನವು ಬೇರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಪೆಗ್ಗಿ ಎರ್ಟ್ಮರ್ 1999ರಲ್ಲೇ ಬರೆದಿದ್ದಾರೆ. ನಾನು ಹೇಳುತ್ತಿರುವುದು ಒಳಗಿನದರ ಬಗ್ಗೆ.

ಶಿಡ್ಲಘಟ್ಟದ ಕಡೆಯ ಹಳ್ಳಿಗೆ ಹೊಸದಾಗಿ ಹೋಗಿದ್ದೆ. ರೇಷ್ಮೆ ಹುಳುವಿನ ಜೀವನಚಕ್ರದ ಪಾಠ. ಬೋರ್ಡಿನ ಮೇಲೆ ಹುಳುವಿನ ಚಿತ್ರ ಬರೆದೆ. ಹಿಂದಿನ ಬೆಂಚಿನ ಹುಡುಗಿ, "ಮಿಸ್, ಇದು ಎಷ್ಟನೇ ಜ್ವರದ ಹುಳ?" ಅಂದಳು. ನನಗೆ ಅರ್ಥ ಆಗಲಿಲ್ಲ. ಆಗಲಿಲ್ಲ ಅಂತ ಹೇಳಲು ಮನಸ್ಸು ಬರಲಿಲ್ಲ. "ಹುಳಕ್ಕೆ ಎಂಥ ಜ್ವರ, ಸುಮ್ನೆ ಕೂತ್ಕೊ" ಅಂದುಬಿಟ್ಟೆ. ಆಮೇಲೆ ಬಿಸಿಯೂಟದ ಅಕ್ಕ ಹೇಳಿದರು: ಹುಳು ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಆಮೇಲೆ ಪೊರೆ ಕಳಚುತ್ತದೆ, ಹುಳ ಸಾಕುವವರು ಅದನ್ನೇ ಜ್ವರ ಅನ್ನುವುದು. ಆ ಹುಡುಗಿ ಕೇಳಿದ್ದು ಪಾಠದ ತಿರುಳನ್ನೇ! ಅವಳು ತಿಂಗಳುಗಟ್ಟಲೆ ಮತ್ತೆ ಕೈ ಎತ್ತಲಿಲ್ಲ.

ಅದಕ್ಕೇ ಹೇಳುತ್ತೇನೆ, ಪಾಠ ಟಿಪ್ಪಣಿಯ ಅಂಚಿನಲ್ಲಿ ನೀವು ಎಲ್ಲಿ ತಡವರಿಸುತ್ತೀರಿ ಅಂತ ಬರೆದುಕೊಳ್ಳಿ. ಗೊತ್ತಿಲ್ಲದಿರುವುದು ವಿಷಯವಾ, ಕಲಿಸುವ ರೀತಿಯಾ, ಉಪಕರಣವಾ? ವಿಷಯವಾದರೆ ಮುಂದಿನ ತರಗತಿಯ ಪುಸ್ತಕ ಓದಿ, ಊರಲ್ಲಿ ಆ ಕೆಲಸ ಮಾಡುವವರನ್ನು ಕೇಳಿ. ರೀತಿಯಾದರೆ ಅದನ್ನು ಚೆನ್ನಾಗಿ ಮಾಡುವ ಸಹೋದ್ಯೋಗಿಯ ತರಗತಿಯಲ್ಲಿ ಒಂದು ಪೀರಿಯಡ್ ಹಿಂದೆ ಕೂತು ನೋಡಿ, ಇದಕ್ಕಿಂತ ಒಳ್ಳೆ ತರಬೇತಿ ನನಗೆ ಸಿಕ್ಕಿಲ್ಲ. ಉಪಕರಣವಾದರೆ ಮಕ್ಕಳು ಹೋದ ಮೇಲೆ ಹತ್ತು ನಿಮಿಷ ನೀವೇ ಆನ್ ಮಾಡಿ ನೋಡಿ, ಸಾಕು.

ಗೊತ್ತಿಲ್ಲದ ಪ್ರಶ್ನೆ ಬಂದರೆ "ನನಗೂ ಗೊತ್ತಿಲ್ಲ, ನಾಳೆ ತಿಳ್ಕೊಂಡು ಬರೋಣ" ಅನ್ನಿ. ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆಯಿರಿ, ಉತ್ತರ ಸಿಗುವವರೆಗೂ ಅಳಿಸಬೇಡಿ. ನಾನು ಹಾಗೆ ಶುರು ಮಾಡಿದ ಮೇಲೆ ಒಬ್ಬ ಹುಡುಗ ಜ್ವರಕ್ಕೆ ಕೂತ ಹುಳುಗಳನ್ನು ಸೊಪ್ಪಿನ ಸಮೇತ ಟಿಫಿನ್ ಬಾಕ್ಸಿನಲ್ಲಿ ತಂದ. ಇಡೀ ಕ್ಲಾಸು ಅದರ ಸುತ್ತ.

ನೀವು ಪ್ರಶ್ನೆ ಕೇಳಿದಾಗಲೂ ಕಾಯಿರಿ. ಟೀಚರ್‌ಗಳು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಮಾತಾಡುತ್ತಾರೆ ಅಂತ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದರು. ಮನಸ್ಸಲ್ಲೇ ಮೂರು ಎಣಿಸಿ. ಮೊದಮೊದಲು ತುಂಬ ಕಷ್ಟ.

ಎಲ್ಲ ಪಾಠ ಬದಲಿಸಲು ಹೋಗಬೇಡಿ, ತಿಂಗಳಿಗೆ ಒಂದು ಸಾಕು. ಸುತ್ತಲ ಶಾಲೆಗಳ ಟೀಚರ್‌ಗಳು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಚೆನ್ನಾಗಿ ಆಗಿದ್ದನ್ನೇ ಹೇಳುತ್ತೇವೆ ಅಲ್ವಾ? ಈ ಸಲ ಕೆಟ್ಟಿದ್ದನ್ನೂ ಹೇಳಿ, ಎಲ್ಲಿ ಎಡವಿದಿರಿ ಅಂತ. ಪಕ್ಕದ ಶಾಲೆಯವರೂ ಅಲ್ಲೇ ಎಡವಿರುತ್ತಾರೆ.