ಪಂಪ್ ನಿಲ್ಲಿಸಿದ ಮೇಲೆ, ಮತ್ತೆ ಬಿಸಿ ಮಾಡುವಾಗ

ನಾನು ಪರ್ಫ್ಯೂಷನಿಸ್ಟ್. ಹೃದಯದ ಆಪರೇಷನ್ ನಡೆಯುವಾಗ ಹಾರ್ಟ್-ಲಂಗ್ ಮಷಿನ್ ಮುಂದೆ ಕೂರುವವನು. ಓಟಿಯಲ್ಲಿ ಅದನ್ನು ಸುಮ್ನೆ ‘ಪಂಪ್’ ಅಂತೀವಿ. ಬೈಪಾಸ್ ಕೇಸಿನಲ್ಲಿ ಹೃದಯ ನಿಂತರೂ ಪಂಪ್ ಓಡುತ್ತಿರುತ್ತದೆ. ಆರ್ಚ್ ಕೇಸ್ ಹಾಗಲ್ಲ. ಮಹಾಧಮನಿ ಬಾಗುವ ಜಾಗವನ್ನೇ ತೆರೆದು ಹೊಲಿಯಬೇಕು. ಆಗ ಮೈಗೆಲ್ಲ ಹೋಗುವ ರಕ್ತವನ್ನೇ ನಿಲ್ಲಿಸಬೇಕಾಗುತ್ತದೆ.

ಮಾಮೂಲಿ ಬಿಸಿಯಲ್ಲಿ ಮಿದುಳು ರಕ್ತವಿಲ್ಲದೆ ನಾಲ್ಕೈದು ನಿಮಿಷ ತಡೆದರೆ ಹೆಚ್ಚು. ಒಂದೊಂದು ಡಿಗ್ರಿ ತಣ್ಣಗಾದ ಹಾಗೆ ಅದಕ್ಕೆ ಬೇಕಾದ ಆಕ್ಸಿಜನ್ ಸುಮಾರು ಶೇ. 6–7ರಷ್ಟು ಇಳಿಯುತ್ತದೆ. 18–20 ಡಿಗ್ರಿಗೆ ತಂದರೆ ಹತ್ತಿರ ಹತ್ತಿರ ಅರ್ಧ ಗಂಟೆ ಸಿಗುತ್ತದೆ. ಅಮೆರಿಕದ ಸರ್ಜನ್ ರ್ಯಾಂಡಲ್ ಗ್ರೀಪ್ 1975ರಲ್ಲಿ ಪ್ರಕಟಿಸಿದ ಆರ್ಚ್ ಆಪರೇಷನ್‌ಗಳು ನಡೆದದ್ದು ಈ ತಣ್ಣಗಿನ ಬಲದಲ್ಲೇ. ಈಗ ನಾವು ಅಷ್ಟು ಕೆಳಗೆ ಹೋಗುವುದು ಕಡಿಮೆ. 24ರ ಸುಮಾರಿಗೆ ನಿಲ್ಲಿಸಿ, ಮಿದುಳಿಗೆ ಮಾತ್ರ ಬೇರೆಯಾಗಿ ತಣ್ಣನೆ ರಕ್ತ ಕೊಡುತ್ತೇವೆ.

ಒಂದು ರಾತ್ರಿ ಬಂದ ಕೇಸ್ ಹೇಳುತ್ತೇನೆ. ಬಿಪಿ ಮಾತ್ರೆ ಬಿಟ್ಟಿದ್ದ ಒಬ್ಬರಿಗೆ ಮಹಾಧಮನಿಯ ಒಳಪದರ ಹರಿದಿತ್ತು. ನಮ್ಮ ಸರ್ಜನ್ ಸರ್ ಬಲ ಭುಜದ ಕೆಳಗಿನ ರಕ್ತನಾಳಕ್ಕೆ 8 ಮಿ.ಮೀ. ಟ್ಯೂಬ್ ಹೊಲಿದು ನನ್ನ ಲೈನ್, ಅಂದರೆ ಪಂಪ್‌ನಿಂದ ರಕ್ತ ಹೋಗುವ ಕೊಳವೆ, ಜೋಡಿಸಿದರು. ಪಂಪ್‌ನಲ್ಲಿ ಹಾಯುವ ರಕ್ತವನ್ನು ತಣ್ಣಗೆ ಮಾಡುತ್ತಾ ಬಂದೆ. ಸಿಸ್ಟರ್ ತಲೆಯ ಸುತ್ತ ಐಸ್ ಇಟ್ಟರು. ಕಿವಿಗೆ, ಕಣ್ಣಿಗೆ ನೇರ ತಾಗದ ಹಾಗೆ ಬಟ್ಟೆ ಮಡಚಿ ಇಟ್ಟಿದ್ದರು. ಈ ಸಣ್ಣ ಕೆಲಸವನ್ನು ಯಾರೂ ಅವಸರದಲ್ಲಿ ಮಾಡಬಾರದು.

ಮೂಗಿನ ಹಿಂದೆ ಇಟ್ಟ, ಬಿಸಿ ಅಳೆಯುವ ಪ್ರೋಬ್ 24 ತೋರಿಸಿತು. ‘ಪಂಪ್ ಆಫ್’ ಅಂದರು. ಕುತ್ತಿಗೆಯ ಬಲಕ್ಕೆ ಹೋಗುವ ನಾಳದ ಬುಡಕ್ಕೆ ಕ್ಲ್ಯಾಂಪ್ ಬಿತ್ತು. ಆಮೇಲೆ ಪಂಪನ್ನು ನಿಧಾನವಾಗಿ ಓಡಿಸಿ, ಆ ಭುಜದ ಲೈನಿನಿಂದ ಮಿದುಳಿಗೆ ಮಾತ್ರ ರಕ್ತ, ಕೆ.ಜಿ.ಗೆ 10 ಮಿ.ಲೀ. ಲೆಕ್ಕದಲ್ಲಿ, ನಿಮಿಷಕ್ಕೆ 600 ಮಿ.ಲೀ. ಬಲ ಮಣಿಕಟ್ಟಿನ ಪ್ರೆಶರ್ 55.

ಹಣೆಯ ಎರಡೂ ಕಡೆ ಅಂಟಿಸಿದ ಸ್ಟಿಕರ್‌ಗಳು ಮಿದುಳಿನ ಆಕ್ಸಿಜನ್ ಅಂದಾಜು ಹೇಳುತ್ತವೆ. ಶುರುವಿನಲ್ಲಿ ಬಲ 64, ಎಡ 62 ಇತ್ತು. ಬಲ ಅಲ್ಲಾಡಲಿಲ್ಲ. ಎಡ 55 ಆಯಿತು. ಆಮೇಲೆ 50.

‘ಸರ್, ಎಡಗಡೆ ಬೀಳ್ತಾ ಇದೆ.’

‘ಎಷ್ಟು?’

‘45 ಸರ್.’

ಮಿದುಳಿನ ಬುಡದಲ್ಲಿ ಎಡ–ಬಲ ಸೇರಿಸುವ ರಕ್ತನಾಳದ ಬಳೆ ಎಷ್ಟೋ ಜನರಲ್ಲಿ ಪೂರ್ತಿ ಇರುವುದಿಲ್ಲ. ಬಲದಿಂದ ಕೊಟ್ಟದ್ದು ಎಡಕ್ಕೆ ದಾಟಲ್ಲ. ಶೇ. 20ಕ್ಕಿಂತ ಜಾಸ್ತಿ ಇಳಿದರೆ ಕಾಯಬಾರದು. ಸರ್ ಒಳಗಿನಿಂದಲೇ ಎಡ ಕ್ಯಾರೊಟಿಡ್‌ಗೆ (ಕುತ್ತಿಗೆಯ ಎಡಗಡೆಯಿಂದ ಮಿದುಳಿಗೆ ಹೋಗುವ ನಾಳ) ಸಣ್ಣ ಟ್ಯೂಬ್ ಹಾಕಿದರು. ನಾನು ಲೈನ್ ಕವಲು ಮಾಡಿ, ಗಾಳಿ ಗುಳ್ಳೆ ಇಲ್ಲ ಅಂತ ಎರಡು ಸಲ ನೋಡಿ ಬಿಟ್ಟೆ. 49, 54, 59. ಆಗ ನಾನು ಸರಿಯಾಗಿ ಉಸಿರಾಡಿದೆ. ಐದೈದು ನಿಮಿಷಕ್ಕೆ ಸಮಯ ಕೂಗುತ್ತಾ ಹೋದೆ. ಒಟ್ಟು 26 ನಿಮಿಷ.

ಈ 26 ನಿಮಿಷಕ್ಕೆ ಎಲ್ಲರೂ ಹೆದರುತ್ತಾರೆ. ನನಗೆ ಜಾಸ್ತಿ ಭಯ ಆಮೇಲೆ ಮೈಯನ್ನು ಮತ್ತೆ ಬಿಸಿ ಮಾಡುವುದರದ್ದು. ಕೆಲಸ ಶುರು ಮಾಡಿದ ವರ್ಷಗಳಲ್ಲಿ, ಬೇರೊಂದು ಆಸ್ಪತ್ರೆಯಲ್ಲಿ, ಹೀಗೇ ನಡುರಾತ್ರಿ ಎಲ್ಲರೂ ದಣಿದಿದ್ದರು. ‘ಬೇಗ ಬಿಸಿ ಮಾಡಪ್ಪಾ’ ಅಂದರು. ಮಾಡಿದೆ. ನನ್ನ ಲೈನಿನ ರಕ್ತ 38 ದಾಟಿತ್ತು. ಆ ರೋಗಿ ಐದು ದಿನ ಹೆಂಡತಿಯನ್ನು ಗುರುತಿಸಲಿಲ್ಲ. ಆರನೇ ದಿನ ಸರಿಹೋದರು. ಅದು ನನ್ನಿಂದಲೇ ಆಯಿತು ಅಂತ ಯಾರೂ ಹೇಳಲಿಲ್ಲ, ಹೇಳೋದಕ್ಕೂ ಆಗಲ್ಲ. ಆದರೆ ರಕ್ತ ಕೊರತೆಯಿಂದ ಬಳಲಿದ ಮಿದುಳಿಗೆ ಒಂದು ಡಿಗ್ರಿ ಹೆಚ್ಚಿನ ಬಿಸಿಯೂ ಪೆಟ್ಟೇ. ಅವರ ಹೆಂಡತಿ ಐಸಿಯು ಬಾಗಿಲಲ್ಲಿ ನಿಂತಿದ್ದು ಇನ್ನೂ ಕಣ್ಣ ಮುಂದಿದೆ.

ಅಂದಿನಿಂದ ಯಾರು ಅವಸರ ಮಾಡಿದರೂ ನಾನು ಬಗ್ಗುವುದಿಲ್ಲ. ಒಳಗೆ ಹೋಗುವ ರಕ್ತಕ್ಕೂ ಹೊರಬರುವ ರಕ್ತಕ್ಕೂ 30 ಡಿಗ್ರಿವರೆಗೆ 10ಕ್ಕಿಂತ ಹೆಚ್ಚು ಅಂತರ ಬಿಡಲ್ಲ. 30 ದಾಟಿದ ಮೇಲೆ ಅಂತರ 4ರೊಳಗೆ, ನಿಮಿಷಕ್ಕೆ ಅರ್ಧ ಡಿಗ್ರಿ ಮೀರದ ಹಾಗೆ. ಲೈನಿನ ಬಿಸಿ 37ರ ಒಳಗೇ. ಮಷಿನ್ ತೋರಿಸುವುದಕ್ಕಿಂತ ಮಿದುಳು ಸ್ವಲ್ಪ ಹೆಚ್ಚೇ ಬಿಸಿ ಇರುತ್ತದೆ, ಅದನ್ನು ಮರೆಯಬಾರದು ಅಲ್ವಾ? ಆ ರಾತ್ರಿ ಬಿಸಿ ಮಾಡುವುದಕ್ಕೇ ಒಂದೂಕಾಲು ಗಂಟೆ ಹಿಡಿಯಿತು. ಓಟಿಯಲ್ಲಿದ್ದ ಡಾಕ್ಟರ್ ಮೇಡಂ ಗಡಿಯಾರ ನೋಡಿದರು, ಏನೂ ಅನ್ನಲಿಲ್ಲ.

ಮರುದಿನ ಸಂಜೆ ಐಸಿಯುಗೆ ಹೋದೆ. ಉಸಿರಾಟದ ಟ್ಯೂಬ್ ತೆಗೆದಿದ್ದರು. ಎಡ ಮಿದುಳು ನೋಡಿಕೊಳ್ಳುವುದು ಬಲಗೈಯನ್ನು. ‘ಅಣ್ಣಾ, ಬಲಗೈಯಿಂದ ನನ್ನ ಬೆರಳು ಹಿಡ್ಕೊಳ್ಳಿ’ ಅಂದೆ. ಬಿಗಿಯಾಗಿ ಹಿಡಿದರು. ಬಿಡಿ ಅಂದರೂ ಸ್ವಲ್ಪ ಹೊತ್ತು ಬಿಡಲಿಲ್ಲ.